ಪಾಪಯ್ಯನ ಶಟರಿನ ಮೇಲೆ ಲೆಕ್ಕದಕ್ಕ

ಬೊಮ್ಮನಹಳ್ಳಿಗೆ ಬೆಳಗು ಫ್ಲೈಓವರಿನ ಕಂಬಗಳ ಸಂದಿಯಲ್ಲಿ ನುಸುಳಿಕೊಂಡು ಬರುತ್ತದೆ. ಹೊಸೂರು ರಸ್ತೆಯಿಂದ ಒಳಕ್ಕೆ ಹೊರಳುವ ಗಾರ್ಮೆಂಟ್ಸ್ ಬೀದಿಯಲ್ಲಿ ಸದ್ಯಕ್ಕೆ ಎಚ್ಚರವಾಗಿರುವುದು ಟೀ ಅಂಗಡಿಯ ಸ್ಟವ್ ಒಂದೇ. ಫ್ಯಾಕ್ಟರಿಯ ಗೇಟಿನೆದುರು ಪಾಪಯ್ಯನವರ ದಿನಸಿ ಅಂಗಡಿ. ಶಟರು ಇನ್ನೂ ಮುಚ್ಚಿದೆ. ಅದರ ಮುಂದೆ ನಿಂತ ಹೆಂಗಸೊಬ್ಬರು ಚೀಲದಿಂದ ಕಡುನೀಲಿ ಬಟ್ಟೆಯ ದೊಡ್ಡ ತುಂಡೊಂದನ್ನು ತೆಗೆದು, ಒಮ್ಮೆ ಜೋರಾಗಿ ಕೊಡವಿ, ಶಟರಿನ ಮೇಲೆ ಹರಡುತ್ತಾರೆ. ಹಳೆಯ ಸ್ಪೀಕರುಗಳಿಂದ ಕಿತ್ತ ಅಯಸ್ಕಾಂತಗಳನ್ನು ನಾಲ್ಕು ಮೂಲೆಗೆ ಒತ್ತುತ್ತಾರೆ. ಟಪ್, ಟಪ್, ಟಪ್, ಟಪ್. ಶಟರು ಶಾಲೆಯ ಹಲಗೆಯಾಗುತ್ತದೆ.

ಸೆರಗಿನ ತುದಿಯ ಗಂಟಿನಿಂದ ಟೈಲರ್ ಚಾಕ್ ಹೊರಬರುತ್ತದೆ. ಬಟ್ಟೆಯ ಮೇಲೆ ಕತ್ತರಿಯ ದಾರಿ ಗುರುತಿಸುವ ಆ ಚಪ್ಪಟೆ ಬಿಳಿ ಬಿಲ್ಲೆ.

"ಮೂವತ್ತ ಅಂಗಿ ಹೊಲೀಬೇಕು. ಥಾನಿನೊಳಗ ಐವತ್ತ ಮೀಟರ್ ಐತಿ. ಎರಡ ಮೀಟರಿಗೆ ಎಣ್ಣಿ ಕಲಿ ಬಿದ್ದು ಹಾಳಾಗೈತಿ. ಉಳಿದದ್ದು ಮೂವತ್ತಕ್ಕೂ ಸರಿಯಾಗಿ ಸಾಲ್ತು. ಹಂಗಾರ ಒಂದ ಅಂಗಿಗೆ ಎಷ್ಟ ಹಿಡೀತು? ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಏನಂತ ಕರೀತೀವಿ?"

"ಎಕ್ಸ್ ರೀ!" ಎನ್ನುತ್ತಾನೆ ಲೋಡಿಂಗ್ ಕೆಲಸದ ಸಂಗಣ್ಣ, ಟೀ ಲೋಟವನ್ನು ಕೆಳಗಿಡದೆಯೇ.

"ಸಾವಕಾಶ ಹೇಳೋ. ಅದೇನ್ ಓಡಿ ಹೋಗೂದಿಲ್ಲ."

ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ: 30x + 2 = 50. ಪಾಠ ಹೇಳುವವರು ಮಹಾನಂದಾ. ಎದುರಿನ ಫ್ಯಾಕ್ಟರಿಯ ಕಟಿಂಗ್ ಸೆಕ್ಷನ್ನಿನಲ್ಲಿ ಬಟ್ಟೆಯ ಥಾನು ಹಾಸಿ, ಗುರುತು ಹಾಕುವುದು ಅವರ ಕೆಲಸ. ಇಡೀ ಬೀದಿಗೆ ಅವರು ಲೆಕ್ಕದಕ್ಕ. ಅಂಗಡಿಯ ಮೆಟ್ಟಿಲ ಮೇಲೆ ಕೂತವರೆಲ್ಲ ಇದೇ ಬೀದಿಯ ಕೆಲಸಗಾರರು. ಹಗಲು ದುಡಿದು, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಕೊಂಡವರು. ಒಬ್ಬೊಬ್ಬರದೂ ಅರ್ಧಕ್ಕೇ ನಿಂತ ಶಾಲೆ. ನಿಂತದ್ದು ಹೆಚ್ಚಾಗಿ ಗಣಿತದ ಬಾಗಿಲಲ್ಲಿ.

"ಸಮ ಅನ್ನೂ ಗೆರಿ ಐತಲ್ಲ, ಅದು ಅಂಗಿಯ ಗುಂಡಿಪಟ್ಟಿ. ಈ ಕಡೆ ಒಂದ ತೋಳು, ಆ ಕಡೆ ಒಂದ ತೋಳು. ಎಡಗಡೆ ತೋಳಿನಾಗ ಎರಡಿಂಚು ಕತ್ತರಿಸಿದ್ರ?"

"ಬಲಗಡೆನೂ ಎರಡಿಂಚು," ಗುಂಡಿ ಹಾಕುವ ಸೆಕ್ಷನ್ನಿನ ಗೌರಿ ಹೇಳುತ್ತಾಳೆ.

"ಇಲ್ಲಾಂದ್ರ?"

"ರಿಜೆಕ್ಟು!" ಮೆಟ್ಟಿಲೆಲ್ಲ ಒಟ್ಟಿಗೆ ಕೂಗುತ್ತದೆ.

ಎರಡೂ ತೋಳಿನಿಂದ ಎರಡು ಕಳೆಯುತ್ತಾರೆ. 30x = 48. ಎರಡೂ ತೋಳನ್ನು ಮೂವತ್ತರಿಂದ ಭಾಗಿಸುತ್ತಾರೆ. ನಲವತ್ತೆಂಟನ್ನೂ ಮೂವತ್ತನ್ನೂ ಆರರಿಂದ ಸಣ್ಣದು ಮಾಡಿದರೆ ಎಂಟರ ಕೆಳಗೆ ಐದು. x = 1.6. ಒಂದು ಅಂಗಿಗೆ ಒಂದು ಮೀಟರು ಅರವತ್ತು ಸೆಂಟಿಮೀಟರು. ಅಲ್ಲಿಗೆ ಮುಗಿಯುವುದಿಲ್ಲ. "ಹೊಲಿದ ಅಂಗಿ ಹಾಕ್ಕೊಂಡ ನೋಡಬೇಕಲ್ಲ?" ಎಂದು 1.6 ಅನ್ನು ಮತ್ತೆ ಮೊದಲ ಸಾಲಿಗೆ ತೊಡಿಸುತ್ತಾರೆ. ಮೂವತ್ತು ಸಲ ಒಂದು ಪಾಯಿಂಟ್ ಆರು ನಲವತ್ತೆಂಟು, ಮೇಲೆ ಎರಡು, ಐವತ್ತು. ಸರಿಯಾಗಿ ಕೂತಿತು.

ಆಗ ಮಹಾನಂದಾ ಅವರ ಅಂಗೈ ತಾನಾಗಿ ಬಟ್ಟೆಯ ಕಡೆಗೆ ಏಳುತ್ತದೆ, ಮೇಲಿನ ಸಾಲುಗಳನ್ನು ಒರೆಸುವುದಕ್ಕೆ.

"ಅಕ್ಕಾ, ಕೈ!"

ಕೂಗಿದ್ದು ವೇಣಿ. ಮೆಟ್ಟಿಲ ಕೊನೆಯಲ್ಲಿ ಕೂತಿರುವ ಇಪ್ಪತ್ತರ ಹುಡುಗಿ. ಏಪ್ರಿಲ್ ಪರೀಕ್ಷೆಯಲ್ಲಿ ಅವಳು ಪಾಸಾಗಿಯೂ ಆಗಿದೆ. ಈಗ ಅವಳಿಗೆ ಇಲ್ಲಿ ಒಂದೇ ಕೆಲಸ: ಲೆಕ್ಕದಕ್ಕನ ಕೈ ಕಾಯುವುದು.

ಮಹಾನಂದಾ ಕೈ ಕೆಳಗಿಳಿಸುತ್ತಾರೆ. ವೇಣಿಯ ಕಡೆ ತಿರುಗಿ ಒಂದು ನೋಟ ಬಿಡುತ್ತಾರೆ. ಅದರಲ್ಲಿ ಅಕ್ಕರೆಯೂ ಇದೆ. ಆದರೆ ಸುಳ್ಳು ಹೇಳಬಾರದು, ಉರಿಯೇ ಹೆಚ್ಚು.

"ಹೊಟ್ಟಿಕಿಚ್ಚು ಅಂತ ಬರೀರಿ ಅಕ್ಕಾರ," ಎನ್ನುತ್ತಾರೆ ಆಮೇಲೆ, ಪತ್ರಿಕೆಗೆ ಬರೆಯಲು ಬಂದಿರುವ ನಾನು ಪೆನ್ನು ತೆಗೆದದ್ದನ್ನು ಕಂಡು. "ಮಂದಿ ಪ್ಯಾಪರಿನಾಗ ದೊಡ್ಡ ಮನಸ್ಸು ಅಂತ ಬರೀತಾರ. ನಂದೇನ್ ದೊಡ್ಡ ಮನಸ್ಸಲ್ರಿ. ಆ ಹುಡುಗೀನ ನೋಡಿದ್ರ ಈಗ್ಲೂ ಎದಿಯೊಳಗ ಸೂಜಿ ಆಡಿದಂಗ ಆಕ್ಕೈತಿ."

*

ಮಹಾನಂದಾ ಅವರ ಊರು ಕುಷ್ಟಗಿಯ ಹತ್ತಿರ. ಆದರೆ ಊರಿಗಿಂತ ಹೆಚ್ಚು ನೆನಪಿರುವುದು ಬೆಳ್ಳಂದೂರಿನ ತಗಡಿನ ಶೆಡ್ಡುಗಳು. ಅಪ್ಪ ಭರಮಪ್ಪ ಗಾರೆ ಕೆಲಸದವರು. ಇವತ್ತು ಗಾಜಿನ ಮೈ ಹೊಳೆಸುತ್ತ ನಿಂತಿರುವ ಎಷ್ಟೋ ಕಟ್ಟಡಗಳು ಅವರ ತೂಕದ ಗುಂಡಿನ ನೇರಕ್ಕೆ ಎದ್ದಂಥವು. ಒಂದು ಕಟ್ಟಡ ಮುಗಿದರೆ ಶೆಡ್ಡು ಕೀಳುತ್ತಿದ್ದರು. ಶೆಡ್ಡಿನ ಜೊತೆ ಮಗಳ ಶಾಲೆಯೂ ಕಿತ್ತುಹೋಗುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ, ದೊಡ್ಡನೆಕ್ಕುಂದಿಯ ಶಾಲೆಯಲ್ಲಿ, ಟೀಚರು ಹಲಗೆಯ ಮೇಲೆ ಮೊದಲ ಸಲ ಎಕ್ಸ್ ಬರೆದು, ಇದು ಯಾರು ಅಂತ ನಾಳೆ ಹುಡುಕೋಣ ಎಂದಿದ್ದರಂತೆ.

"ಮರುದಿನ ನಮ್ಮ ಸೈಟ್ ಮುಗೀತ್ರಿ. ಎಲ್ಲಾರೂ ಟೆಂಪೋ ಹತ್ತಿದ್ವಿ. ಎಕ್ಸ್ ಅಲ್ಲೇ ಉಳೀತು. ಆ ಕ್ಲಾಸಿನ್ಯಾಗ ನನ್ನ ಬಾಜೂಕ ಕೂಡ್ತಿದ್ದ ಹುಡುಗಿ ಇದ್ಲು. ಆಕೀಗೆ ಸಿಕ್ಕಿರಬೇಕು ಅಂತ ಎಷ್ಟ ವರ್ಷ ಹೊಟ್ಟಿ ಉರಕೊಂಡೇನಿ! ಆಕಿ ಹೆಸರೂ ಈಗ ನೆನಪಿಲ್ಲ. ಉರಿ ಅಷ್ಟ ಉಳದೈತಿ."

ಫ್ಯಾಕ್ಟರಿಗೆ ಸೇರಿದ ಮೇಲೆ ಗುಜರಿ ಅಂಗಡಿಯೊಂದರಲ್ಲಿ ಒಂಬತ್ತನೆಯ, ಹತ್ತನೆಯ ತರಗತಿಯ ಗಣಿತ ಪುಸ್ತಕಗಳು ಅವರಿಗೆ ತೂಕಕ್ಕೆ ಸಿಗುತ್ತವೆ. ಕಲಿಸುವವರು ಯಾರೂ ಇಲ್ಲ. ಪುಸ್ತಕದ ಕೊನೆಯ ಹಾಳೆಗಳಲ್ಲಿ ಮಾತ್ರ ಉತ್ತರಗಳು. ಮಹಾನಂದಾ ಉತ್ತರವನ್ನು ಮೊದಲು ನೋಡಿಕೊಳ್ಳುತ್ತಿದ್ದರು, ಬಸ್ಸಿನ ಬೋರ್ಡು ನೋಡುವ ಹಾಗೆ. ಆಮೇಲೆ ಅಲ್ಲಿಗೆ ಹೋಗುವ ದಾರಿ ಹುಡುಕುತ್ತಿದ್ದರು. ಒಂದೊಂದು ಲೆಕ್ಕಕ್ಕೆ ವಾರವೇ ಹಿಡಿದದ್ದಿದೆ. ಊಟದ ಬಿಡುವಿನಲ್ಲಿ, ಕತ್ತರಿಸಿ ಉಳಿದ ಚೂರು ಬಟ್ಟೆಯ ಮೇಲೆ ಚಾಕ್‌ನಲ್ಲಿ ಬರೆಯುವುದು. ಗಂಟೆ ಬಾರಿಸಿದೊಡನೆ ಕೊಡವಿ ಎದ್ದುಬಿಡುವುದು.

ಈ ಕೊಡವುವುದು ಆ ಕೆಲಸದ ಮೊದಲ ನಿಯಮ. ಕಟಿಂಗ್ ಟೇಬಲ್ಲಿನ ಮೇಲೆ ಚಾಕ್ ಇಲ್ಲದೆ ಕತ್ತರಿ ಆಡದು. ಆದರೆ ಬಟ್ಟೆ ಮುಂದಕ್ಕೆ ಹೋಗುವಾಗ ಅದರ ಮೈಮೇಲೆ ಚಾಕ್‌ನ ಒಂದು ನೆರಳು ಉಳಿದಿದ್ದರೂ ತಪ್ಪು. ಅಳತೆ ಅಂಗಿಯೊಳಗೆ ಇರಬೇಕು, ಅಂಗಿಯ ಮೇಲೆ ಕಾಣಬಾರದು. ವರ್ಷಗಟ್ಟಲೆ ಈ ಮಾತು ಕೇಳಿ ಕೇಳಿ ಅವರ ಅಂಗೈಗೆ ತನ್ನದೇ ಒಂದು ಬುದ್ಧಿ ಬಂದುಬಿಟ್ಟಿದೆ. ಕೆಲಸ ಮುಗಿಯಿತು ಅಂದರೆ ಸಾಕು, ಅದು ಒರೆಸುತ್ತದೆ.

ಅವರು ಬಿಡಿಸಿದ ಲೆಕ್ಕಗಳ ಸುದ್ದಿ ಟೇಬಲ್ಲಿಂದ ಟೇಬಲ್ಲಿಗೆ ಹೋದಾಗ ಮೊದಲು ಬಂದವಳು ವೇಣಿ. ಹೊಂಗಸಂದ್ರದ ಹುಡುಗಿ, ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟು, ಹೊಲಿಗೆ ಲೈನಿಗೆ ಸೇರಿದವಳು. "ಅಕ್ಕ, ಮೈನಸ್ಸು ಮೈನಸ್ಸು ಸೇರಿ ಪ್ಲಸ್ ಹೆಂಗಾಗುತ್ತೆ? ಎರಡು ಸಾಲ ಸೇರಿದ್ರೆ ಸಾಲ ತೀರುತ್ತಾ?" ಎಂದು ಕೇಳಿದಳಂತೆ. ಮಹಾನಂದಾ ಟೇಬಲ್ಲಿನ ಮೇಲಿದ್ದ ಅಂಗಿಯ ತೋಳನ್ನು ಎತ್ತಿ ಒಳಗುಹೊರಗು ಮಾಡಿದರು. "ಇದು ಒಮ್ಮೆ ತಿರುವಿದ್ದು. ಒಳಮಗ್ಗಲು. ಈಗ ಮತ್ತ ತಿರುವ್ತೀನಿ. ಏನಾತು?" ಹೊರಮಗ್ಗಲಾಯಿತು. "ಇದು ಕೂಡಿಸೂದಲ್ಲ ಹುಡುಗೀ, ಗುಣಿಸೂದು. ಗುಣಿಸೂ ಮುಂದ ಪ್ರತಿ ಮೈನಸ್ಸೂ ಅಂಗೀನ ಒಮ್ಮೆ ತಿರುವಿ ಹಾಕ್ತೈತಿ."

ವೇಣಿಯ ಹಿಂದೆ ಗೌರಿ ಬಂದಳು, ಸಂಗಣ್ಣ ಬಂದ. ಕೂರುವುದಕ್ಕೆ ಜಾಗ ಬೇಕಾಯಿತು. ಪಾಪಯ್ಯನವರ ಶಟರು ಸಿಕ್ಕಿತು. ಪಾಪಯ್ಯ ಈ ಊರಿನ ಹಳೆಯ ಕುಳ. ಈಗ ಫ್ಯಾಕ್ಟರಿ ಇರುವ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು.

"ಬೆಳಗಾಗೆದ್ದು ಬಂದ್ರೆ ನನ್ ಶಟರ್ ಮುಂದೆ ಜನ. ಕಳ್ರೇನೋ ಅಂದ್ಕೊಂಡೆ ಕಣಮ್ಮ," ಎನ್ನುತ್ತಾರೆ ಪಾಪಯ್ಯ. "ನೋಡಿದ್ರೆ ಇಂಗೆ ಲೆಕ್ಕ ಮಾಡ್ತಾವ್ರೆ. ಆಯ್ತು, ಅಂಗಡಿ ತೆಗೆಯೋಗಂಟ ಬರ್ಕೊಳ್ರವ್ವ ಅಂದೆ. ನನ್ ಶಟರಿಗೆ ವಿದ್ಯೆ ಬಂತು. ನನಗೆ ಬರ್ಲಿಲ್ಲ. ಅದೇ ನನಗೆ ಹೊಟ್ಟೆಯುರಿ!"

ಶಟರು ಎತ್ತುವ ಹೊತ್ತಾದರೆ ಪಾಠ ಮುಗಿಯಿತು. ನೀಲಿ ಬಟ್ಟೆ ಇಳಿಯುತ್ತದೆ. ಮಹಾನಂದಾ ಅದನ್ನು ಬೀದಿಯ ಕಡೆಗೆ ಕೊಡವುತ್ತಾರೆ. ಬಿಳಿ ದೂಳು ಎಳೆಬಿಸಿಲಿನಲ್ಲಿ ಒಂದು ಗಳಿಗೆ ನಿಂತು ಕರಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯತ್ತ ಹೊರಟ ಕಂಪನಿ ಬಸ್ಸುಗಳು ಫ್ಲೈಓವರ್ ಹತ್ತುವುದು ಇಲ್ಲಿಂದ ಕಾಣುತ್ತದೆ. ಅವುಗಳ ಗಾಜಿನೊಳಗೆ ಕಣ್ಣು ಮುಚ್ಚಿ ತೂಕಡಿಸುವವರನ್ನು ಗೌರಿ ದಿನಾ ಲೆಕ್ಕ ಹಾಕುವವಳ ಹಾಗೆ ನೋಡುತ್ತಾಳೆ. "ನಿದ್ದೆ ಮಾಡ್ಕೊಂಡು ಕೆಲ್ಸಕ್ಕೆ ಹೋಗ್ತಾರಲ್ಲ ಮೇಡಂ, ಅದೊಂದು ನೋಡಿದ್ರೆ ಮಾತ್ರ ನನಗೆ ಆಗಲ್ಲ."

*

ಹಾಗಿರುವಾಗ ಕಳೆದ ವರ್ಷದ ಕೊನೆಗೆ ಫ್ಯಾಕ್ಟರಿಯ ಪ್ಯಾಟರ್ನ್ ರೂಮಿನಲ್ಲಿ ಒಂದು ಜಾಗ ಬರುತ್ತದೆ ಎಂದು ಗೊತ್ತಾಯಿತು. ಅಂಗಿಯ ತೋಳು, ಕಾಲರು, ಬೆನ್ನು, ಇವನ್ನೆಲ್ಲ ಬಟ್ಟೆ ಹಾಳಾಗದಂತೆ ಹೊಂದಿಸಿ ನಕ್ಷೆ ಮಾಡುವ ಕೋಣೆ ಅದು. ಫ್ಯಾನಿನ ಗಾಳಿ, ಕೂತು ಮಾಡುವ ಕೆಲಸ. ಮಹಾನಂದಾ ಅವರಿಗೆ ಮಾತ್ರ ಗಾಳಿಯ ಆಸೆಯಲ್ಲ. "ಅಲ್ಲಿ ಇಡೀ ದಿನ ಲೆಕ್ಕ ಮಾಡೂದ ಕೆಲಸಂತ್ರಿ. ಊಟದ ಬಿಡುವಿನ್ಯಾಗ ಕದ್ದು ಮಾಡೂದಲ್ಲ." ಆ ರೂಮಿನ ಮುಖ್ಯಸ್ಥ ಪ್ರಸನ್ನ, ಮಹಾನಂದಾ ಅವರನ್ನೇ ಕರೆದು ಹೇಳಿದ್ದರು: "ಜಾಗ ನಿಮಗೇ ಅಂದ್ಕೊಂಡಿದ್ದೀನಿ. ಆದ್ರೆ ಎಸ್ಸೆಸ್ಸೆಲ್ಸಿ ಇಲ್ದೆ ಹೆಸರು ಕಳಿಸಕ್ಕಾಗಲ್ಲ. ಮಾರ್ಕ್ಸ್ ಕಾರ್ಡ್ ತಗೊಂಡ್ ಬನ್ನಿ."

ಅಲ್ಲಿಯವರೆಗೆ ಎಲ್ಲರಿಗೂ ಅರ್ಜಿ ತುಂಬಿಸಿ ಕಳಿಸುತ್ತಿದ್ದ ಲೆಕ್ಕದಕ್ಕ, ತಮ್ಮ ಶಿಷ್ಯರ ಜೊತೆ ತಾವೂ ಪರೀಕ್ಷೆಗೆ ಕೂತರು. ಮಿಕ್ಕ ವಿಷಯಗಳಿಗೆ ವೇಣಿಯೇ ಅವರಿಗೆ ಸಹಾಯ. ಗಣಿತದ ದಿನ ಮಾತ್ರ ಯಾರಿಗೂ ಚಿಂತೆಯಿಲ್ಲ. ಸಂಗಣ್ಣ ಲೆಕ್ಕದಕ್ಕನ ಹಿಂದಿನ ಬೆಂಚು ಸಿಗಲಿ ಎಂದು ಹರಕೆ ಹೊತ್ತಿದ್ದನಂತೆ. ಸಿಗಲಿಲ್ಲ.

ಪರೀಕ್ಷೆ ಮುಗಿಸಿ ಎಲ್ಲರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದಾರೆ. ಗೌರಿ ಹೇಳುತ್ತಾಳೆ, "ಅಕ್ಕ, ನಂದು ಉತ್ತರ ತಪ್ಪಾಯ್ತು. ಆದ್ರೆ ಹೆಜ್ಜೆ ಎಲ್ಲಾ ಬರ್ದಿದ್ದೀನಿ, ಅದಕ್ಕೆ ಮಾರ್ಕ್ಸ್ ಬರುತ್ತೆ."

"ಹೆಜ್ಜಿಗೆ ಮಾರ್ಕ್ಸ್ ಕೊಡ್ತಾರೇನು?" ಎಂದು ನಗುತ್ತಾರೆ ಮಹಾನಂದಾ. "ನಂದು ನೋಡಬೇಕಿತ್ತು ನೀವು. ಎಲ್ಲಾ ಹೆಜ್ಜಿ ಪೆನ್ಸಿಲ್ಲಿನಾಗ ಮಾಡಿದೆ. ಉತ್ತರ ಬಂದಕೂಡ್ಲೆ ಪೆನ್ನಿಲೆ ಬರದೆ, ಪೆನ್ಸಿಲ್ಲಿಂದು ರಬ್ಬರ್ ಹಚ್ಚಿ ತಗದಬಿಟ್ಟೆ. ಒಂದ ಗೆರಿ ಇಲ್ಲ. ಹೊಸ ಥಾನಿನಂಗ ಸ್ವಚ್ಛ ಐತಿ ನನ್ನ ಪೇಪರು!"

ಸಂಗಣ್ಣ ಕಿಟಕಿಯ ಕಡೆ ತಿರುಗಿದ. ಗೌರಿ ಚೀಲದೊಳಗೆ ಏನೋ ಹುಡುಕತೊಡಗಿದಳು. ವೇಣಿಯ ಬಾಯಿಂದ ಮಾತ್ರ, "ಅಯ್ಯೋ ಅಕ್ಕ, ಎಲ್ಲಾ ಒರೆಸಿಬಿಟ್ರಾ?" ಎಂದು ಬಂದುಬಿಟ್ಟಿತು.

ಇದು ಇವರಿಗೆ ಮಾತ್ರ ಆಗಬಹುದಾದ ತಪ್ಪು. ಶಿಷ್ಯರೆಲ್ಲ ಒಮ್ಮೆ ಪರೀಕ್ಷೆಯಲ್ಲಿ ಬಿದ್ದವರು. ಹೆಜ್ಜೆಗೂ ಅಂಕವಿದೆ ಎನ್ನುವುದು ಬಿದ್ದವರಿಗೇ ಚೆನ್ನಾಗಿ ಗೊತ್ತು. ಆದರೆ ಅದನ್ನು ಲೆಕ್ಕದಕ್ಕನಿಗೆ ಹೇಳಬೇಕು ಅಂತ ಯಾರಿಗೆ ಹೊಳೆಯಬೇಕು? ಹೆಜ್ಜೆ ಬಿಡಬೇಡಿ ಎಂದು ದಿನಾ ಬಯ್ಯುತ್ತಿದ್ದವರೇ ಅವರು. ಅವರಿಗೆ ಹೆಜ್ಜೆ ಬೇಕಾದದ್ದು ಊರು ಮುಟ್ಟುವುದಕ್ಕೆ. ಮುಟ್ಟಿದ ಮೇಲೆ ಹೆಜ್ಜೆಗುರುತನ್ನು ಯಾರಾದರೂ ಕೇಳಿಯಾರು ಎಂದು ಅವರು ಎಣಿಸಿಯೇ ಇರಲಿಲ್ಲ. ಹತ್ತನೇ ಕ್ಲಾಸಿನ ಬಾಗಿಲು ಕಂಡವರಲ್ಲ. ಅವರ ಗುರು ಎಂದರೆ ಪುಸ್ತಕದ ಕೊನೆಯ ಹಾಳೆ. ಅಲ್ಲಿ ಬರೀ ಉತ್ತರಗಳು, ಸಾಲಾಗಿ, ಸ್ವಚ್ಛವಾಗಿ.

ಅಜ್ಜಿ ಹೇಳುತ್ತಿದ್ದ ಕತೆಯೊಂದು ಈ ಮೆಟ್ಟಿಲ ಮೇಲೆ ಕೂತಾಗಿನಿಂದ ನನ್ನ ಕಿವಿಯಲ್ಲಿದೆ. ಅಕ್ಕ ಸೆರಗಿನ ಗಂಟಿಗೆ ತೂತು ಮಾಡಿಕೊಂಡು, ಸಾಸಿವೆ ಚೆಲ್ಲುತ್ತ ಕಾಡಿನೊಳಗೆ ರಾಕ್ಷಸಿಯ ಮನೆಗೆ ಹೋಗುತ್ತಾಳೆ. ದೀಪ ಕದ್ದು ತಿರುಗುವಾಗ ಸಾಸಿವೆ ಮೊಳೆತು ಹಸಿರು ದಾರಿಯಾಗಿರುತ್ತದೆ. ಅದನ್ನು ನೋಡಿ ಕರುಬಿದ ತಂಗಿಯೂ ಹೊರಡುತ್ತಾಳೆ. ಆದರೆ ಅವಳು ತುಂಬ ಅಚ್ಚುಕಟ್ಟಿನವಳು. ಚೆಲ್ಲಿದ ಕಾಳನ್ನು ಚೆಲ್ಲಿದ ಹಾಗೇ ಹಿಂತಿರುಗಿ ಆಯ್ದುಕೊಂಡು ಮಡಿಲಿಗೆ ಹಾಕಿಕೊಳ್ಳುತ್ತಾಳೆ. ರಾಕ್ಷಸಿಯ ಮನೆ ಸಿಕ್ಕುತ್ತದೆ. ದೀಪವೂ ಸಿಕ್ಕುತ್ತದೆ. ಮನೆಗೆ ಬರುವ ದಾರಿ ಸಿಕ್ಕುವುದಿಲ್ಲ.

ಈ ಕತೆಯನ್ನು ಮಹಾನಂದಾ ಅವರಿಗೆ ಹೇಳಿದೆ. ಅವರು ಚಾಕ್ ಕೈಯಲ್ಲೇ ಹಿಡಿದು ಕೇಳಿದರು. "ಕಡೀಕ ಆ ತಂಗಿ ಏನಾದ್ಲ್ರಿ?"

"ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದರು."

"ಅಲ್ಲಿಗೆ ನಿಲ್ಲಸಬಾರ್ದ್ರಿ ಅಜ್ಜಿ. ಎರಡನೇ ಪರೀಕ್ಷಾ ಇರ್ತೈತಲ್ಲ!"

*

ಫಲಿತಾಂಶ ಬಂತು. ವೇಣಿ ಪಾಸು, ಗೌರಿ ಪಾಸು. ಸಂಗಣ್ಣನಿಗೆ ಇಂಗ್ಲಿಷು ಕೈಕೊಟ್ಟಿತು, ಗಣಿತ ದಾಟಿತು. ಗಣಿತ ದಾಟಿದರೂ ಅವರು ಯಾರೂ ಮೆಟ್ಟಿಲ ರೂಢಿ ಬಿಟ್ಟಿಲ್ಲ. ಮಹಾನಂದಾ ಎಲ್ಲ ವಿಷಯದಲ್ಲೂ ಪಾಸು, ಗಣಿತವೊಂದನ್ನು ಬಿಟ್ಟು.

ವೇಣಿಗೆ ಬಂದದ್ದು ಅರವತ್ತೊಂದು. ಈ ಅಂಕಿಯನ್ನು ಮಹಾನಂದಾ ಮಾತಿನ ನಡುವೆ ಎಷ್ಟು ಸಲ ಹೇಳುತ್ತಾರೆಂದರೆ, ಅದು ಅವರದೇ ಅಂಕ ಎಂದು ಕೇಳಿದವರು ತಿಳಿದುಕೊಳ್ಳಬೇಕು.

ಪ್ಯಾಟರ್ನ್ ರೂಮಿನ ಜಾಗ ಕಾಯಲಿಲ್ಲ. ಪ್ರಸನ್ನ ಅದಕ್ಕೆ ವೇಣಿಯ ಹೆಸರು ಕಳಿಸಿದರು. ವೇಣಿ ಮೈಸೂರುಪಾಕು ತೆಗೆದುಕೊಂಡು ಕಟಿಂಗ್ ಟೇಬಲ್ಲಿಗೆ ಬಂದಳು.

"ತಗೊಂಡೆ. ತಗೊಳ್ದ ಏನ್ ಮಾಡ್ಲಿ, ಎಲ್ಲಾರೂ ನೋಡಾಕ ಹತ್ತಿದ್ರು. ಬಾಯಾಗ ಇಡಾಕ ಆಗ್ಲಿಲ್ಲ. ಡಬ್ಬಿಯೊಳಗ ಇಟ್ಟೆ. ಮನೀಗೆ ಹೋಗಿ ತಗದ್ರ ಇರಿವಿ ಮುತ್ತಿದ್ದು. ನಮ್ಮಪ್ಪ ಅಂದಾ, ನೋಡವಾ, ಇರಿವಿಗೆ ಇಲ್ಲದ ಹೊಟ್ಟಿಕಿಚ್ಚು ನಿನಗ್ಯಾಕ ಅಂತ. ನಾ ಅಂದೆ, ಇರಿವಿ ಆಕೀಗೆ ಪಾಠ ಹೇಳಿದ್ದಿಲ್ಲಪಾ ಅಂತ."

ಮರುದಿನ ವೇಣಿ ಎದುರು ಬಂದಾಗ ಇನ್ನೊಂದು ಮಾತೂ ಆಡಿಬಿಟ್ಟರು: "ನನ್ನ ಹೆಜ್ಜಿ ಮ್ಯಾಲ ಕಾಲಿಟ್ಟು ದಾಟಿದಿ. ಚಲೋ ಆತು ಬಿಡು." ಅವತ್ತಿನಿಂದ ನೀಲಿ ಬಟ್ಟೆ ಚೀಲದಿಂದ ಹೊರಗೆ ಬರಲಿಲ್ಲ. ಗೇಟಿಗೆ ಸುತ್ತಿನ ದಾರಿಯಿಂದ ಬರತೊಡಗಿದರು, ಶಟರು ಕಾಣದ ಹಾಗೆ. ಎರಡನೇ ಪರೀಕ್ಷೆಗೆ ಅರ್ಜಿ ಹಾಕಿ ಎಂದವರ ಮುಂದೆ ಇನ್ನೊಂದು ಥಾನು ಬಿಚ್ಚಿ ಹಾಸತೊಡಗುತ್ತಿದ್ದರು. ಅರ್ಜಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು.

ವೇಣಿಯನ್ನು ಕೇಳಿದರೆ ಅವಳದು ಬೇರೆಯೇ ಉರಿ. ಈಗ ಅವಳ ಕೊರಳಿಗೆ ಹೊಸ ಬಣ್ಣದ ಗುರುತಿನ ಚೀಟಿ ಬಂದಿದೆ. ಮಾತಾಡುವಾಗ ಅದರ ದಾರವನ್ನು ಬೆರಳಿಗೆ ಸುತ್ತುತ್ತಾಳೆ.

"ನಮ್ಮನೇಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೇ ಮೊದಲು ಮೇಡಂ. ಅವತ್ತು ಫ್ಯಾಕ್ಟರೀಲಿ ಎಲ್ರೂ ನನ್ನ ಎತ್ಕೊಂಡು ಕುಣೀತಾರೆ ಅಂದ್ಕೊಂಡಿದ್ದೆ. ಬಂದು ನೋಡಿದ್ರೆ ಎಲ್ರೂ ಅಕ್ಕನ ಸುತ್ತ! ಪಾಪ ಲೆಕ್ಕದಕ್ಕ, ಛೇ ಲೆಕ್ಕದಕ್ಕ. ನನ್ನ ಮೈಸೂರುಪಾಕ್ ತಿಂತಾ ಅವರಿಗೆ ಪಾಪ ಅಂತಾರೆ. ಫೇಲಾದವರಿಗೆ ಇಷ್ಟು ಪ್ರೀತಿ ಸಿಗೋದಾದ್ರೆ ನಾನ್ಯಾಕೆ ಅಷ್ಟು ಓದಿದೆ ಅನ್ನಿಸ್ತು."

ಆ ಸಿಟ್ಟಿನಲ್ಲೇ ವೇಣಿ ಒಂದು ಬೆಳಿಗ್ಗೆ ಮೆರೂನ್ ಬಣ್ಣದ ಬಟ್ಟೆಯೊಂದನ್ನು ತಂದು ಪಾಪಯ್ಯನವರ ಶಟರಿಗೆ ಅಂಟಿಸಿದಳು. ಮುಂದಿನ ವರ್ಷ ಪರೀಕ್ಷೆ ಕಟ್ಟುವವರು ಮೆಟ್ಟಿಲ ಮೇಲೆ ಕಾದಿದ್ದರು. ತಾನೇ ಪಾಠ ಶುರುಮಾಡಿದಳು.

ಸುದ್ದಿ ಮಹಾನಂದಾ ಅವರಿಗೆ ಮುಟ್ಟಿಸಿದವನು ಸಂಗಣ್ಣ. ಮುಟ್ಟಿಸುವ ರೀತಿಯೂ ಅವನಿಗೆ ಗೊತ್ತು. "ಅಕ್ಕಾ, ವೇಣಿ ಭಾಳ ಛಲೋ ಹೇಳ್ತಾಳ ಬಿಡು. ಭಾಳ ಫಾಸ್ಟು. ನಿನ್ನಂಗ ಎಳೆಯೂದಿಲ್ಲ."

ಮರುದಿನ ಬೆಳಗಿಗೆ ಮಹಾನಂದಾ ಸುತ್ತಿನ ದಾರಿ ಬಿಟ್ಟು ಬಂದರು. ದೂರದಲ್ಲಿ, ಟೀ ಅಂಗಡಿಯ ಮರೆಯಲ್ಲಿ ನಿಂತರು. ಮೆರೂನ್ ಬಟ್ಟೆಯ ಮೇಲೆ ವೇಣಿ ಬರೆದಿದ್ದಳು: 5x − 7 = 2x + 8. ಕೆಳಗಿನ ಸಾಲಿನಲ್ಲೇ: 3x = 15. ಅದರ ಕೆಳಗೆ: x = 5.

"ಅಲ್ಲೇ ನೋಡ್ರಿ ನನ್ನ ಮೈಯೆಲ್ಲಾ ಉರದದ್ದು," ಎನ್ನುತ್ತಾರೆ. "ಉತ್ತರ ಸರಿ ಐತಿ. ಆದ್ರ ಎರಡ ಎಕ್ಸ್ ಎಲ್ಲಿ ಹೋತು, ಏಳು ಎಲ್ಲಿ ಹೋತು, ಮೆಟ್ಟಲ ಮ್ಯಾಲ ಕುಂತವರಿಗೆ ಏನ್ ತಿಳೀಬೇಕು? ಮಾರಿ ನೋಡಿದ್ರ ಗೊತ್ತಾಕ್ಕಿತ್ತು, ಯಾರಿಗೂ ತಿಳದಿಲ್ಲ ಅಂತ."

ನೇರ ಹೋಗಿ ವೇಣಿಯ ಕೈಯಿಂದ ಚಾಕ್ ಕಸಿದುಕೊಂಡರು.

"ಎರಡ ಹೆಜ್ಜಿ ಎಲ್ಲಿ ನುಂಗಿದಿ ಹುಡುಗೀ?"

"ಅವರಿಗೆ ಗೊತ್ತಾಗುತ್ತೆ ಬಿಡಿ ಅಕ್ಕ."

"ನಿನಗ ಗೊತ್ತಾಗಾಕ ಎಷ್ಟ ದಿನ ಬೇಕಾತು, ಹೇಳ್ಲೇನು ಎಲ್ಲಾರ ಮುಂದ?"

ಮೆಟ್ಟಿಲು ಗೊಳ್ಳೆಂದಿತು. ಮಹಾನಂದಾ ಎರಡೂ ತೋಳಿನಿಂದ ಎರಡು ಎಕ್ಸ್ ಕತ್ತರಿಸಿದರು: 3x − 7 = 8. ಎರಡೂ ತೋಳಿಗೆ ಏಳು ಸೇರಿಸಿದರು: 3x = 15. ಮೂರರಿಂದ ಭಾಗಿಸಿದರು: x = 5. ಐದನ್ನು ತೊಡಿಸಿ ನೋಡಿದರು. ಈ ಕಡೆ ಇಪ್ಪತ್ತೈದರಲ್ಲಿ ಏಳು ಹೋಗಿ ಹದಿನೆಂಟು, ಆ ಕಡೆ ಹತ್ತು ಮತ್ತು ಎಂಟು, ಹದಿನೆಂಟು. ಆಮೇಲೆ ಅಂಗೈ ಎದ್ದಿತು.

"ಅಕ್ಕಾ, ಕೈ!" ಎಂದು ವೇಣಿ ಮೊದಲ ಸಲ ಕೂಗಿದ್ದು ಆವಾಗ. ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ಚಾಕ್ ನೀವೇ ಇಟ್ಕೊಳಿ. ಬಟ್ಟೇನೂ ನಿಮ್ಮದೇ ಹಾಕಿ. ಆದ್ರೆ ಅರ್ಜಿ ಹಾಕ್ಬೇಕು. ಪೆನ್ಸಿಲ್ ಮುಟ್ಟೋ ಹಾಗಿಲ್ಲ, ರಬ್ಬರ್ ಮನೇಲಿ ಇಡೋ ಹಾಗಿಲ್ಲ. ನಾನು ದಿನಾ ಬಂದು ಕೈ ಕಾಯ್ತೀನಿ."

"ನೀ ಯಾರ ಹೇಳಾಕ?"

"ಅರವತ್ತೊಂದು," ಎಂದಳಂತೆ ವೇಣಿ.

ಆ ಒಂದು ಮಾತಿಗೆ ಮಹಾನಂದಾ ಅವರು ಅವತ್ತೇ ಅರ್ಜಿ ಹಾಕಿ ಬಂದರು.

*

ಈಗ ಎರಡನೇ ಪರೀಕ್ಷೆಗೆ ಉಳಿದಿರುವುದು ಕೆಲವೇ ದಿನ. ಪ್ಯಾಟರ್ನ್ ರೂಮಿನಲ್ಲಿ ಇನ್ನೊಂದು ಟೇಬಲ್ಲು ಬರಲಿದೆ. ಪ್ರಸನ್ನ ಅದಕ್ಕೆ ಬೇರೆಯವರ ಹೆಸರನ್ನು ಇನ್ನೂ ಕಳಿಸಿಲ್ಲ. ಆದರೆ ತುಂಬ ದಿನ ತಡೆಯುವುದಕ್ಕಾಗದು ಎಂದೂ ಹೇಳಿದ್ದಾರೆ. ಈ ಸಲ ಬಿದ್ದರೆ ಕಟಿಂಗ್ ಟೇಬಲ್ಲೇ ಗತಿ ಎಂಬುದು ಮಹಾನಂದಾ ಅವರಿಗೆ ಗೊತ್ತು. ಮದುವೆಯ ಮಾತು ಎತ್ತುವ ನೆಂಟರಿಗೆ, "ಮೊದಲ ಎಕ್ಸ್ ಸಿಗ್ಲಿ ತಡೀರಿ" ಎಂದು ನಕ್ಕು ಸಾಗಹಾಕುತ್ತಾರೆ.

ಇವತ್ತು ಪಾಠ ಮುಗಿದ ಮೇಲೆ ಅವರ ಅಭ್ಯಾಸ ಪರೀಕ್ಷೆ. ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಪೆನ್ನಿನಲ್ಲಿ ಲೆಕ್ಕ ಮಾಡುತ್ತಾರೆ. ಪಕ್ಕದಲ್ಲಿ ವೇಣಿ ಕಾವಲು. ಒಂದು ಸಾಲು ತಪ್ಪುತ್ತದೆ. ಮಹಾನಂದಾ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗೆ ಮತ್ತೆ ಬರೆಯುತ್ತಾರೆ. ಆ ಗೆರೆ ಎಳೆಯುವಾಗ ಮುಖ ಕಹಿಯಾಗುತ್ತದೆ, ಹೊಸ ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದವರ ಹಾಗೆ.

"ಎಷ್ಟ ಗಲೀಜ ಕಾಣ್ತೈತಲ್ಲ!"

"ಚೆನ್ನಾಗಿದೆ ಅಕ್ಕ. ಇನ್ನೂ ಗಲೀಜು ಮಾಡಿ."

"ನಿಂದು ಹಿಂಗ ಇತ್ತೇನು?"

"ಇದಕ್ಕಿಂತ ಜಾಸ್ತಿ."

"ಅದಕ್ಕ ಅರವತ್ತೊಂದು ಬಂತು," ಎಂದು ಗೊಣಗುತ್ತಾರೆ ಲೆಕ್ಕದಕ್ಕ.

ಪಾಪಯ್ಯ ಬೀಗದ ಕೈ ಆಡಿಸುತ್ತ ಬಂದು ನಿಲ್ಲುತ್ತಾರೆ. ಹಾಲಿಗೆ ಬಂದವರು ಆಗಲೇ ಗೊಣಗುತ್ತಿದ್ದಾರೆ. "ಏನಮ್ಮೋ ಮೇಷ್ಟ್ರಮ್ಮ, ಇವತ್ತಾದ್ರೂ ಅಂಗಡಿ ತೆಗೀಲಾ, ಇಲ್ಲ ನಾನೂ ಕುಂತ್ಕಂಡು ಬರೀಲಾ?"

"ಬರೀರಿ ಯಜಮಾನ್ರ. ಆದ್ರ ನನಗಿಂತ ಜಾಸ್ತಿ ತಗೀಬ್ಯಾಡ್ರಿ."

ಅಯಸ್ಕಾಂತಗಳು ಒಂದೊಂದಾಗಿ ಬಿಡುತ್ತವೆ. ನೀಲಿ ಬಟ್ಟೆ ಇಳಿಯುತ್ತದೆ. ಅಭ್ಯಾಸದಂತೆ ಮಹಾನಂದಾ ಅದರ ಎರಡು ತುದಿ ಹಿಡಿದು ಬೀದಿಯ ಕಡೆ ತಿರುಗುತ್ತಾರೆ, ತೋಳು ಎತ್ತುತ್ತಾರೆ. ಈ ಸಲ ಯಾರೂ ಕೂಗುವುದಿಲ್ಲ. ತೋಳು ಅರ್ಧಕ್ಕೆ ನಿಲ್ಲುತ್ತದೆ. ಮಹಾನಂದಾ ಬಟ್ಟೆಯನ್ನು ಒಳಮುಖವಾಗಿ, ಬಿಳಿ ಸಾಲುಗಳು ಒಂದರ ಮೇಲೊಂದು ಕೂಡುವ ಹಾಗೆ, ಮೆಲ್ಲಗೆ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೆರಳಿನ ತುದಿಯಲ್ಲಿ ಉಳಿದ ಬಿಳುಪನ್ನೂ ಒರೆಸುವುದಿಲ್ಲ.

ಶಟರು ಗಡಗಡ ಮೇಲೇಳುತ್ತದೆ. ಗೇಟಿನ ಕಡೆ ಹೊರಟ ಮಹಾನಂದಾ ಅವರನ್ನು ತಡೆದು, ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಪಾಸಾಗುವುದೇ, ಪ್ಯಾಟರ್ನ್ ರೂಮೇ?

"ಅದು ಆಸೆ ಅಲ್ರಿ ಅಕ್ಕಾರ. ಅದು ಆಕ್ಕೈತಿ." ಎರಡು ಹೆಜ್ಜೆ ಮುಂದೆ ಹೋಗುತ್ತಿರುವ ವೇಣಿಗೆ ಕೇಳದಂತೆ ದನಿ ತಗ್ಗಿಸುತ್ತಾರೆ. "ಈ ಹುಡುಗಿಗಿಂತ ಒಂದ ಮಾರ್ಕ್ಸ್ ಜಾಸ್ತಿ ಬರ್ಲಿ. ಒಂದ ಸಾಕು. ಎರಡ ಬಂದ್ರ ಆಕಿ ಅಳ್ತಾಳ."